ಹುಣಸೆಹುಳಿಯಲ್ಲಿ ನೆನೆದ ಕಾಡತೂಸುಗಳು

ನಮ್ಮ ಮನೆಯವರು ಅಬುಧಾಬಿಯಲ್ಲಿ ಕೋವಿಯ ಕಾಡತೂಸು ಕತ್ತರಿಸುತ್ತಾರೆ ಎಂದು ನಾನು ಒಮ್ಮೆ ಶಾಲೆಯ ಸ್ಟಾಫ್ ರೂಮಿನಲ್ಲಿ ಬಾಯಿ ತಪ್ಪಿ ಹೇಳಿಬಿಟ್ಟೆ. ಆಮೇಲೆ ಒಂದು ವಾರ ಎಲ್ಲರೂ ನನ್ನನ್ನು ನೋಡುವ ರೀತಿಯೇ ಬೇರೆಯಾಯಿತು. ಯಾವಾಗಲೂ ತಕರಾರು ತೆಗೆಯುವ ಹೆಡ್‌ಮಾಸ್ಟರು ನನ್ನ ರಜಾ ಅರ್ಜಿಗೆ ಮರುಮಾತಿಲ್ಲದೆ ಸಹಿ ಹಾಕಿದರು. ನಿಜ ಸಂಗತಿ ಅಷ್ಟು ಭಯಂಕರವಾದದ್ದಲ್ಲ. ಇವರು ಕೆಲಸ ಮಾಡುವುದು ಅಲ್ಲಿಯ ಕಾರ್ಖಾನೆಗಳ ಬಡಾವಣೆ ಮುಸಫ್ಫಾದಲ್ಲಿ, ಟ್ರೋಫಿ, ಫಲಕ, ಹೆಸರಿನ ಬೋರ್ಡು ಮಾಡುವ ಒಂದು ಚಿಕ್ಕ ವರ್ಕ್‌ಶಾಪಿನಲ್ಲಿ. ಅಲ್ಲಿಗೆ ಒಂದು ಶೂಟಿಂಗ್ ರೇಂಜಿನಿಂದ, ಹೊಡೆದು ಮುಗಿದ ರೈಫಲ್ ಕಾಡತೂಸುಗಳ ಹಿತ್ತಾಳೆ ಕವಚಗಳು ಗೋಣಿಯಲ್ಲಿ ಬರುತ್ತಿದ್ದವು. ಗುಂಡೂ ಇಲ್ಲ, ಮದ್ದೂ ಇಲ್ಲ. ಬೆರಳುದ್ದದ ಖಾಲಿ ಕೊಳವೆ, ಮೇಲ್ಗಡೆ ಬಾಟಲಿಗೆ ಇದ್ದಂತೆ ಸಪೂರ ಕುತ್ತಿಗೆ. ವರ್ಕ್‌ಶಾಪಿನವರು ಅದನ್ನು ಶೆಲ್ಲು ಎನ್ನುತ್ತಿದ್ದರು. ಕುತ್ತಿಗೆ ಹಾರಿಸಿ, ಎಲ್ಲವನ್ನೂ ಒಂದೇ ಉದ್ದಕ್ಕೆ ಕತ್ತರಿಸಿ, ಹೊಳಪು ಕೊಟ್ಟು, ಮರದ ಹಲಗೆಯ ಮೇಲೆ ಏಳೇಳನ್ನು ಸಾಲಾಗಿ ನಿಲ್ಲಿಸಿದರೆ ಸ್ಪರ್ಧೆಯಲ್ಲಿ ಗೆದ್ದವರಿಗೆ ಕೊಡುವ ಫಲಕ ಸಿದ್ಧ. ಏಳು ಯಾಕೆಂದರೆ ಅಲ್ಲಿ ಎಮಿರೇಟುಗಳು ಏಳು. ಅವುಗಳಲ್ಲಿ ಒಂದು ಉದ್ದ, ಒಂದು ಗಿಡ್ಡ ಆಗುವಂತಿಲ್ಲ.

ಇದೆಲ್ಲ ನನಗೆ ಗೊತ್ತಾದದ್ದು ನಾನು ಅಲ್ಲಿಗೆ ಹೋದ ಮೇಲೆ. ಮದುವೆಯಾಗಿ ನಾಲ್ಕು ವರ್ಷವಾಗಿತ್ತು. ಮದುವೆಗೆ ಮುಂಚೆಯೇ ಇವರು ಐದು ವರ್ಷ ಮುಸಫ್ಫಾದಲ್ಲಿದ್ದವರು. ಫ್ಯಾಮಿಲಿ ವೀಸಾ ಆಗುವ ಹುದ್ದೆಯಲ್ಲ ಅವರದು. ಕಂಪನಿಯ ರೂಮಿನಲ್ಲಿ ಆರು ಜನ ಗಂಡಸರ ನಡುವೆ ಒಂದು ಮಂಚ, ಒಂದು ಕಬ್ಬಿಣದ ಕಪಾಟು. ವರ್ಷಕ್ಕೊಮ್ಮೆ ಒಂದು ತಿಂಗಳು ಊರಿಗೆ ಬರುತ್ತಿದ್ದರು. ಬಂದರೆ ಅವರು ಊರಿನ ಸಾರ್ವಜನಿಕ ಸೊತ್ತು. ತಂಗಿಯ ಮನೆ, ಮಾವನ ಮನೆ, ಒಂದು ಮದುವೆ, ಎರಡು ಗೃಹಪ್ರವೇಶ, ತಾಲೂಕು ಕಚೇರಿಯಲ್ಲಿ ಯಾವುದೋ ಕಾಗದ. ನನ್ನ ಪಾಲಿಗೆ ಸಿಗುತ್ತಿದ್ದದ್ದು ಬಸ್ಸಿನಲ್ಲಿ ಪಕ್ಕದ ಸೀಟು. ಅದಕ್ಕೂ ಒಮ್ಮೊಮ್ಮೆ ಯಾರಾದರೂ ಮುದುಕಿ ಬಂದು ಕೂತುಬಿಡುತ್ತಿದ್ದರು.

ನಾನು ಆಸೆಪಟ್ಟದ್ದು ಒಂದೇ. ಒಂದು ಇಡೀ ದಿನ. ಬೆಳಿಗ್ಗೆ ಎದ್ದಾಗಿನಿಂದ ದೀಪ ಹಚ್ಚುವ ಹೊತ್ತಿನವರೆಗೆ, ನಡುವೆ ಯಾರೂ ಬಾರದ, ಎಲ್ಲಿಗೂ ಹೋಗಲೇಬೇಕೆಂದಿಲ್ಲದ ಒಂದು ದಿನ ಇವರ ಜತೆ. ನಾಲ್ಕು ವರ್ಷದಲ್ಲಿ ಅಂಥದ್ದೊಂದು ನಮಗೆ ಸಿಕ್ಕಿರಲಿಲ್ಲ ಎಂದರೆ ಯಾರೂ ನಂಬುವುದಿಲ್ಲ. ನಾನು ಪ್ರಾಥಮಿಕ ಶಾಲೆಯ ಟೀಚರು, ಲೆಕ್ಕದಲ್ಲಿ ಪಕ್ಕಾ. ಹಿಂದಿನದ್ದೆಲ್ಲ ಹುಡುಕಿ ನೋಡಿದ್ದೇನೆ, ಇರಲಿಲ್ಲ.

ಆ ವರ್ಷ ಬೇಸಿಗೆ ರಜೆಗೆ ಅರವತ್ತು ದಿನದ ವಿಸಿಟ್ ವೀಸಾ ಮಾಡಿಸಿಕೊಂಡು ಹೊರಟೆ. ವರ್ಕ್‌ಶಾಪಿಗೆ ಹತ್ತಿರದಲ್ಲೇ, ರಜೆಗೆ ಊರಿಗೆ ಹೋಗಿದ್ದ ಇವರ ಗೆಳೆಯರೊಬ್ಬರ ಸ್ಟುಡಿಯೋ ನಮಗೆ ಸಿಕ್ಕಿತು. ಒಂದೇ ಕೋಣೆ, ಮೂಲೆಯಲ್ಲಿ ಅಡುಗೆಗೆ ಒಂದು ಕಟ್ಟೆ, ಕಿಟಕಿ ತೆರೆದರೆ ಪಾರ್ಕಿಂಗು. ನನಗೆ ಅದು ಅರಮನೆ. ಅರವತ್ತು ದಿನ ಅಂದರೆ ಎಂಟು ಭಾನುವಾರ ಗ್ಯಾರಂಟಿ. ಎಂಟರಲ್ಲಿ ಒಂದನ್ನಾದರೂ ಕಸಿಯಲು ಯಾರಿಂದ ಸಾಧ್ಯ ಎಂದುಕೊಂಡಿದ್ದೆ.

ಮೊದಲ ಭಾನುವಾರ ಬೆಳಿಗ್ಗೆ ನಾನು ಏಳುವಷ್ಟರಲ್ಲಿ ಇವರು ಬೂಟಿನ ಲೇಸು ಕಟ್ಟುತ್ತಿದ್ದರು.

"ಆರ್ಡರ್ ಇತ್ತ್ ಮಾರಾಯ್ತಿ. ಬಪ್ಪ ವಾರ ಖಂಡಿತ ಹೋಪ."

ಎರಡನೆಯ ಭಾನುವಾರವೂ ಅದೇ ಮಾತು. ಮೂರನೆಯದಕ್ಕೆ ನಾನು ಕೇಳಿದೆ, "ಹ್ವಾಯ್, ಬಪ್ಪ ವಾರ ಅಂದ್ರೆ ಅದ್ ಯಾವ ವರ್ಷದ್ದ್?"

ಇವರು ನಕ್ಕರು. ಇವರಿಗೆ ನಗುವುದು ಗೊತ್ತು, ಅದೇ ತೊಂದರೆ. ಜಗಳ ಶುರು ಮಾಡಿದವರ ಎದುರು ನಕ್ಕರೆ ಜಗಳ ಮುಂದೆ ಹೋಗುವುದಿಲ್ಲ. ನಾನು ಬಾಗಿಲು ಹಾಕಿ, ಅನ್ನಕ್ಕಿಟ್ಟು, ಕಿಟಕಿಯ ಹತ್ತಿರ ನಿಂತೆ. ಪಾರ್ಕಿಂಗಿನಲ್ಲಿ ಒಂದು ಕುಟುಂಬ ಕಾರಿಗೆ ಚಾಪೆ, ನೀರಿನ ಕ್ಯಾನು, ಮಕ್ಕಳ ಬಕೆಟು ತುಂಬುತ್ತಿತ್ತು. ಕಡಲ ತೀರಕ್ಕೆ ಹೊರಟವರು. ಆ ಹೆಂಗಸಿನ ಮೇಲೆ ನನಗೆ ಸುಮ್ಮಸುಮ್ಮನೆ ಸಿಟ್ಟು ಬಂತು.

ಉಳಿದ ದಿನಗಳ ಪಾಡೂ ಅಷ್ಟೆ. ಬೆಳಿಗ್ಗೆ ಆರೂವರೆಗೆ ಕಂಪನಿಯ ವ್ಯಾನು. ಐದಕ್ಕೆ ಕೆಲಸ ಮುಗಿದರೂ ಇವರು ಬರುತ್ತಿದ್ದದ್ದು ಎಂಟಕ್ಕೆ. ಬಂದು, ಸ್ನಾನ ಮಾಡಿ, ಮೀನು ಸಾರಿನ ಅನ್ನ ಉಂಡು, ನಾನು ಎರಡು ಮಾತು ಆಡುವಷ್ಟರಲ್ಲಿ ಕಣ್ಣು ಮುಚ್ಚುತ್ತಿದ್ದರು. ಅವರ ಬೆರಳ ಸಂದಿಯಲ್ಲಿ ಹಿತ್ತಾಳೆಯ ಹುಡಿ ಕೂತಿರುತ್ತಿತ್ತು. ಎಷ್ಟು ಸೋಪು ಹಾಕಿದರೂ ಹೋಗದು.

ಐದರಿಂದ ಎಂಟರವರೆಗೆ ಏನು ಮಾಡುತ್ತೀರಿ ಎಂದು ಒಂದು ದಿನ ಹಿಡಿದು ಕೇಳಿದೆ. ಹೊಳಪು ಕೊಡುವುದಂತೆ. ಪಾಲಿಷಿನ ಚಕ್ರದಲ್ಲಿ ಕೂರುತ್ತಿದ್ದವನು ಊರಿಗೆ ಹೋಗಿದ್ದ. ಕತ್ತರಿಸುವವರೂ ಇವರೇ, ಉಜ್ಜುವವರೂ ಇವರೇ. ಅರವತ್ತು ಫಲಕದ ಆರ್ಡರು, ಅಂದರೆ ನಾನೂರ ಇಪ್ಪತ್ತು ಶೆಲ್ಲು, ಮೇ ತಿಂಗಳ ಕೊನೆಗೆ ಕೊಡಬೇಕು. ನನ್ನ ವಿಮಾನವೂ ಮೇ ಕೊನೆಗೆ.

ಹಿತ್ತಾಳೆ ಉಜ್ಜುವುದಕ್ಕೆ ಚಕ್ರ ಯಾಕೆ ಬೇಕು? ನಮ್ಮ ಮನೆಯಲ್ಲಿ ದೀಪ, ಆರತಿ, ಗಿಂಡಿ, ಹರಿವಾಣ ಎಲ್ಲ ಫಳಫಳ ಎನ್ನುವುದು ಯಾವ ಮೆಷೀನಿನಿಂದ? ನನ್ನ ಸೂಟ್‌ಕೇಸಿನಲ್ಲಿ ಅಮ್ಮ ಕಟ್ಟಿಕೊಟ್ಟ ಹುಣಸೆಹುಳಿಯ ಉಂಡೆ ಇತ್ತು. ನಮ್ಮಲ್ಲಿ ಹುಳಿಯನ್ನು ಉಪ್ಪು ಬೆರೆಸಿ, ಉಂಡೆ ಕಟ್ಟಿ, ಭರಣಿಯಲ್ಲಿ ಇಡುತ್ತಾರೆ. ವರ್ಷ ಕಳೆದಂತೆ ಅದು ಕಪ್ಪಾಗುತ್ತದೆ; ಕಪ್ಪಾದಷ್ಟೂ ಮರ್ಯಾದೆ ಹೆಚ್ಚು. ಆ ಉಂಡೆಯನ್ನು ಇವರಿಗೆ ತೋರಿಸಿ, "ಏಳ್ ಶೆಲ್ ತಕಂಬನಿ ಕಾಂಬ" ಎಂದೆ.

"ಎಂತಕ್? ಹುಳಿ ಹಾಕಿ ಸಾರ್ ಮಾಡ್ತ್ಯಾ?" ಎಂದರು.

ಮರುದಿನ ಕತ್ತರಿಸಿದ ಏಳು ಶೆಲ್ಲು ಕಾಗದದಲ್ಲಿ ಸುತ್ತಿ ತಂದರು. ಕತ್ತರಿಸದ್ದನ್ನು ವರ್ಕ್‌ಶಾಪಿನಿಂದ ಹೊರಗೆ ತರುವಂತಿಲ್ಲ; ಯಾರಾದರೂ ಮತ್ತೆ ಮದ್ದು ತುಂಬಬಹುದೆಂದು ಲೆಕ್ಕ ಇಟ್ಟಿರುತ್ತಾರೆ. ಕುತ್ತಿಗೆ ಹಾರಿಸಿದ ಮೇಲೆ ಅದು ಬರೀ ಕೊಳವೆ, ಭಯವಿಲ್ಲ. ನಾನು ಕಟ್ಟೆಯ ಮೇಲೆ ಕೂತು, ಚಿಟಿಕೆ ಹುಳಿ ತೆಗೆದು, ಒಂದೊಂದನ್ನೇ ಬೆರಳಲ್ಲಿ ತಿಕ್ಕಿ, ತೊಳೆದು, ಒರೆಸಿ ಸಾಲಾಗಿ ಇಟ್ಟೆ. ಅವು ಹೇಗೆ ಹೊಳೆದವೆಂದರೆ ಇವರು ಒಂದನ್ನೆತ್ತಿ ಟ್ಯೂಬ್‌ಲೈಟಿನ ಕೆಳಗೆ ತಿರುಗಿಸಿ ತಿರುಗಿಸಿ ನೋಡಿದರು. ನಮ್ಮ ಕಡೆಯ ಗಂಡಸರು ಹೆಂಡತಿಯನ್ನು ಹೊಗಳುವುದಿಲ್ಲ. ಇವರೂ ಹೊಗಳಲಿಲ್ಲ. ಮರುದಿನ ಐವತ್ತು ತಂದರು.

ವರ್ಕ್‌ಶಾಪಿನ ಮೇಲ್ವಿಚಾರಕರು ಮಂಗಳೂರು ಕಡೆಯ ಹಿರಿಯ ಬ್ಯಾರಿ, ಎಲ್ಲರೂ ಅವರನ್ನು ಕಾಕ ಎನ್ನುತ್ತಿದ್ದರು. ಅವರು ಏಳನ್ನೂ ನೋಡಿ ಒಪ್ಪಿಗೆ ಕೊಟ್ಟಿದ್ದರು. ಹಾಗೆ ಉಜ್ಜುವ ಕೆಲಸ ನನ್ನದಾಯಿತು, ಇವರ ಸಂಜೆ ಬಿಡುಗಡೆಯಾಯಿತು. ನನ್ನ ಆಲೋಚನೆ ಇದ್ದದ್ದೇ ಇದು. ಸಂಜೆಗಳನ್ನು ಗೆದ್ದುಕೊಂಡರೆ, ಕೆಲಸ ಬೇಗ ಮುಗಿದರೆ, ಕೊನೆಯ ಭಾನುವಾರ ನನ್ನದು. ಅಷ್ಟರಲ್ಲಿ ಆರು ಭಾನುವಾರ ನೀರು ಪಾಲಾಗಿದ್ದವು; ಏಳನೆಯದೂ ಅದೇ ದಾರಿ ಹಿಡಿಯಿತು.

ಸಂಜೆ ಐದೂವರೆಗೆ ಮನೆಗೆ ಬಂದ ಗಂಡನನ್ನು ನೋಡುವುದು ನನಗೆ ಹಬ್ಬ. ಆದರೆ ಇವರಿಗೆ ಆ ಹೊತ್ತಿನಲ್ಲಿ ಏನು ಮಾಡಬೇಕೆಂದು ತೋಚುತ್ತಿರಲಿಲ್ಲ. ಚಹಾ ಕುಡಿದು, ಲೋಟ ತಾವೇ ತೊಳೆದು, ನಾನು ಆಗಲೇ ತೊಳೆದಿಟ್ಟ ಲೋಟವನ್ನೂ ಇನ್ನೊಮ್ಮೆ ತೊಳೆದರು. ಸರಿಯಾಗಿಯೇ ಇದ್ದ ನಲ್ಲಿಯನ್ನು ಬಿಚ್ಚಿ ಜೋಡಿಸಿದರು. ಆಮೇಲೆ ಅದು ಸೋರತೊಡಗಿತು. "ಕೂಕಣಿ, ಒಂದ್ ಗಳಿಗೆ" ಎಂದರೆ ಮಂಚದ ತುದಿಯಲ್ಲಿ, ಡಾಕ್ಟರ ಹೊರಕೋಣೆಯಲ್ಲಿ ಕೂತವರಂತೆ ಕೂರುತ್ತಿದ್ದರು. ನನಗೆ ನಗು. ಒಂಬತ್ತು ವರ್ಷ ಗಂಡಸರ ರೂಮಿನಲ್ಲಿದ್ದವರು, ಸ್ವಲ್ಪ ದಿನ ಬೇಕು ಎಂದುಕೊಂಡೆ.

ಕೊನೆಯ ವಾರದ ಬುಧವಾರ ಉಳಿದ ಶೆಲ್ಲುಗಳೆಲ್ಲ ಒಟ್ಟಿಗೆ ಮನೆಗೆ ಬಂದವು. ಮುನ್ನೂರಕ್ಕೂ ಹೆಚ್ಚು. ಒಂದೊಂದನ್ನೇ ತಿಕ್ಕುವುದಕ್ಕೆ ನನಗೆ ತಾಳ್ಮೆ ಇರಲಿಲ್ಲ. ಹಬ್ಬದ ಮುಂಚೆ ದೀಪಗಳನ್ನೆಲ್ಲ ಹುಳಿನೀರಿನಲ್ಲಿ ಮುಳುಗಿಸಿ ಇಡುವುದಿಲ್ಲವೇ? ಬಟ್ಟೆ ನೆನೆಸುವ ಟಬ್ಬಿಗೆ ಬಿಸಿನೀರು ಸುರಿದು, ಉಳಿದಿದ್ದ ಅರ್ಧ ಉಂಡೆ ಹುಳಿಯನ್ನೂ ಕಿವುಚಿ, ಎಲ್ಲವನ್ನೂ ಅದರಲ್ಲಿ ಹಾಕಿದೆ. ಅರ್ಧ ಗಂಟೆಯಲ್ಲಿ ತೆಗೆಯುವುದೆಂದು ಲೆಕ್ಕ.

ಆಗಲೇ ಇವರು ಬಂದರು. ಬಂದವರು ಬೂಟು ಬಿಚ್ಚಲಿಲ್ಲ. ಬಾಗಿಲಲ್ಲೇ ನಿಂತು, "ಕಾರ್ನಿಶ್ ಬದಿಗೆ ಹೋಪನಾ? ಕಾಕನ ಕಾರ್ ಸಿಕ್ಕಿತ್" ಎಂದರು.

ಐವತ್ತು ದಿನದಲ್ಲಿ ಇವರಾಗಿ ಕರೆದದ್ದು ಅದೇ ಮೊದಲು. ನಾನು ಸೀರೆ ಬದಲಾಯಿಸಿದ್ದು ಗೊತ್ತು, ಮೆಟ್ಟಿಲು ಇಳಿದದ್ದು ಗೊತ್ತಿಲ್ಲ. ಕಡಲ ಬದಿಯ ಕಟ್ಟೆಯ ಉದ್ದಕ್ಕೂ ನಡೆದೆವು. ಅಲೆಯೇ ಇಲ್ಲದ ಕಡಲು. ನಮ್ಮ ಕಡಲಿನ ಆರ್ಭಟ ನೋಡಿದವರಿಗೆ ಅದು ಕೆರೆ. ಕಾಗದದ ಲೋಟದಲ್ಲಿ ಕಡಕ್ ಚಹಾ ಕುಡಿದೆವು. ಭಾನುವಾರದ ಯೋಜನೆ ಹಾಕಿದವರೂ ಇವರೇ. ಬೆಳಿಗ್ಗೆ ಬಸ್ಸಲ್ಲಿ ದುಬೈಗೆ ಹೋಗುವುದು, ಅಲ್ಲಿ ಊರೊಳಗೆ ನುಗ್ಗಿದ ಕಡಲ ಖಾರಿಯ ಈಚೆ ದಡದಿಂದ ಆಚೆ ದಡಕ್ಕೆ ಅಬ್ರಾ ದೋಣಿಯಲ್ಲಿ ದಾಟುವುದು, ಬೇಕಾದರೆ ವಾಪಸು ಬರುವುದು, ಬೇಕಾದರೆ ಮತ್ತೆ ದಾಟುವುದು. ಹಗಲಿಡೀ. ನಾನು ಮೀನುಗಾರರ ಊರಿನವಳು, ದೋಣಿ ನನಗೇನು ಹೊಸದಲ್ಲ. ಆದರೂ ಮಕ್ಕಳಂತೆ ಹೂಂ ಹೂಂ ಎಂದೆ. ಮನೆಗೆ ಬಂದು ಅದೇ ಖುಷಿಯಲ್ಲಿ ಮಲಗಿದೆ. ಟಬ್ಬು ಬಚ್ಚಲಲ್ಲೇ ಇತ್ತು, ನನ್ನ ತಲೆಯಲ್ಲಿ ಇರಲಿಲ್ಲ.

ಬೆಳಿಗ್ಗೆ ಮುಖ ತೊಳೆಯಲು ಹೋದವರು ಬಚ್ಚಲಿಂದಲೇ ಕರೆದರು. ಹೋಗಿ ನೋಡಿದರೆ ಟಬ್ಬಿನ ತಳದಲ್ಲಿ ಮುನ್ನೂರು ಶೆಲ್ಲೂ ಗುಲಾಬಿ ಬಣ್ಣಕ್ಕೆ ತಿರುಗಿ ಬಿದ್ದಿದ್ದವು. ಹಳದಿ ಎಂಬುದೇ ಇಲ್ಲ. ಹುಳಿ, ಉಪ್ಪು ಎರಡೂ ಸೇರಿ ಹಿತ್ತಾಳೆಯ ಮೇಲ್ಮೈಯಲ್ಲಿದ್ದ ಸತುವನ್ನು ತಿಂದು ತಾಮ್ರವನ್ನಷ್ಟೇ ಬಿಟ್ಟಿದ್ದವು. ನಾನು ಒಂದನ್ನೆತ್ತಿ ಸೆರಗಿನಿಂದ ಗಸಗಸ ಉಜ್ಜಿದೆ. ಚಿಬ್ಬು ಬಂದ ಹಾಗೆ ಅಲ್ಲಲ್ಲಿ ಕಲೆ ಕಂಡಿತೇ ಹೊರತು ಹಳದಿ ಮರಳಲಿಲ್ಲ. ಮನೆಯ ದೀಪವಾಗಿದ್ದರೆ ಇನ್ನೊಮ್ಮೆ ಬೂದಿ ಹಾಕಿ ತಿಕ್ಕಬಹುದಿತ್ತು. ನಾಲ್ಕು ದಿನದಲ್ಲಿ ಮುನ್ನೂರು ಶೆಲ್ಲು ಯಾರು ತಿಕ್ಕುವುದು, ತಿಕ್ಕಿದರೂ ಒಂದೇ ಬಣ್ಣ ಬರುವುದೆಂದು ಯಾರು ಹೇಳಬಲ್ಲರು?

ಇವರು ಬೈಯಲಿಲ್ಲ. ಬೈದಿದ್ದರೆ ನನಗೆ ಅಳುವುದಕ್ಕೆ ಒಂದು ದಾರಿಯಿತ್ತು.

ಸಂಜೆ ಕಾಕ ಫೋನಿನಲ್ಲಿ ಹೇಳಿದರು, "ಎಂತ ತಂಗಿ, ಹಿತ್ತಾಳೆ ಕೊಟ್ರೆ ತಾಮ್ರ ಮಾಡಿ ಕಳ್ಸಿದ್ದೀರಲ್ಲ! ಇರ್ಲಿ, ತಲೆಬಿಸಿ ಮಾಡ್ಬೇಡಿ. ಬೇರೆ ಶೆಲ್ ತರಿಸ್ತೇನೆ. ಪಾಲಿಷಿನ ಹುಡುಗ ಊರಿಂದ ಬಂದಾಯ್ತು. ಕತ್ತರಿಸಿ ಕೊಟ್ರೆ ಅವನು ನೋಡ್ಕೊಳ್ತಾನೆ."

ಬೇರೆ ಗೋಣಿ ಬಂದದ್ದು ಶನಿವಾರ ಸಂಜೆ. ಫಲಕ ಕೊಡಬೇಕಾದದ್ದು ಮಂಗಳವಾರ. ನನ್ನ ವಿಮಾನ ಸೋಮವಾರ ಮಧ್ಯಾಹ್ನ. ಕತ್ತರಿಸಲು ಉಳಿದ ದಿನ ಯಾವುದೆಂದು ನನಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಯಾವ ಭಾನುವಾರಕ್ಕಾಗಿ ಉಜ್ಜಲು ಕೂತಿದ್ದೆನೋ ಅದನ್ನು ನನ್ನ ಕೈಯಾರೆ ಹುಳಿನೀರಿಗೆ ಹಾಕಿದ್ದೆ. ಶಾಲೆಯಲ್ಲಿ ಅವಸರದಲ್ಲಿ ಲೆಕ್ಕ ತಪ್ಪು ಮಾಡುವ ಮಕ್ಕಳಿಗೆ ನಾನು ಎಷ್ಟು ಬೈದಿದ್ದೇನೋ ಅಷ್ಟನ್ನೂ ಆ ದಿನ ನನಗೇ ಬೈದುಕೊಂಡೆ.

ಭಾನುವಾರ ಬೆಳಿಗ್ಗೆ ಇವರು ಬೂಟು ಹಾಕುವ ಮುಂಚೆಯೇ ನಾನು ಬುತ್ತಿ ಕಟ್ಟಿ ಬಾಗಿಲಲ್ಲಿ ನಿಂತಿದ್ದೆ.

"ನೀನ್ ಎಲ್ಲಿಗ್ ಹೊರಟದ್ದ್?"

"ದೋಣಿ ದಾಟುಕೆ" ಎಂದೆ. ಇವರು ಬುತ್ತಿಯನ್ನು ನನ್ನ ಕೈಯಿಂದ ತೆಗೆದುಕೊಂಡು ಮುಂದೆ ನಡೆದರು.

ವರ್ಕ್‌ಶಾಪು ಎಂದರೆ ತಗಡಿನ ಒಂದು ಉದ್ದ ಶೆಡ್ಡು. ರಜೆಯ ದಿನವಾದ್ದರಿಂದ ಅಕ್ಕಪಕ್ಕದ ಶೆಡ್ಡುಗಳೆಲ್ಲ ಷಟರು ಎಳೆದು ಮಲಗಿದ್ದವು. ಒಳಗೆ ಗೋಡೆಯ ಬದಿಯ ಮೇಜಿನ ಮೇಲೆ ಇವರ ಗರಗಸ. ನಾನು ಏನೋ ದೊಡ್ಡ ರಾಕ್ಷಸ ಮೆಷೀನು ಕಲ್ಪಿಸಿಕೊಂಡಿದ್ದೆ. ಇದು ಎತ್ತಿಕೊಂಡು ಹೋಗಬಹುದಾದಷ್ಟು ಚಿಕ್ಕದು. ಅದರ ಚಕ್ರ ನಮ್ಮ ಮನೆಯ ಚಕ್ಕುಲಿಯ ಅಗಲ. ಅಷ್ಟಕ್ಕೇ ಗಂಡ ನಾಲ್ಕು ವರ್ಷದಿಂದ ನನ್ನ ಕೈಗೆ ಸಿಗುತ್ತಿರಲಿಲ್ಲ!

ಇವರು ಮೊದಲು ಒಂದು ಕತ್ತರಿಸಿ ತೋರಿಸಿದರು. ಚಕ್ರದ ಮುಂದೆ ಅಲ್ಯೂಮಿನಿಯಮ್ಮಿನ ಒಂದು ತುಂಡು, ಅದರಲ್ಲಿ ಶೆಲ್ಲು ಕೂರುವಷ್ಟು ಗುಳಿ, ಗುಳಿಯ ಕೊನೆಯಲ್ಲಿ ಒಂದು ತಡೆ. ಶೆಲ್ಲಿನ ಬುಡ ಆ ತಡೆಗೆ ತಾಗುವವರೆಗೆ ಒತ್ತಬೇಕು. ಒತ್ತಿ ಹಿಡಿದು, ಹಿಡಿಯನ್ನು ನಿಧಾನವಾಗಿ ಕೆಳಗೆ ಎಳೆಯಬೇಕು. ಕಿರ್ರನೆ ಒಂದು ಕೂಗು, ಕುತ್ತಿಗೆ ಹಾರಿ ಡಬ್ಬಿಗೆ ಬೀಳುತ್ತದೆ, ಉಳಿದದ್ದು ಬೆಚ್ಚಗೆ ಕೈಗೆ ಬರುತ್ತದೆ. ತಡೆಗೆ ಒಂದು ಚೂರು ಹಿತ್ತಾಳೆ ಹುಡಿ ಅಂಟಿದ್ದರೂ ಆ ಶೆಲ್ಲು ಉದ್ದವಾಗಿಬಿಡುತ್ತದೆ. ಅದಕ್ಕೆ ಪ್ರತಿ ಸಲ ಬ್ರಶ್ಶಿನಿಂದ ಗುಳಿ ಒರೆಸಬೇಕು. ಕತ್ತರಿಸಿದ ಬಾಯಿಯಲ್ಲಿ ನಿಂತ ಚೂಪು ಸಿಬಿರನ್ನು ಒಳಗೂ ಹೊರಗೂ ಕೆರೆದು ತೆಗೆಯಬೇಕು. ಹತ್ತಕ್ಕೊಂದನ್ನು ಅಳತೆಯ ಕಡ್ಡಿಯಲ್ಲಿ ಹಿಡಿದು ನೋಡಬೇಕು.

ಕಣ್ಣಿಗೆ ಕನ್ನಡಕ ಕೊಟ್ಟರು. ಕಿವಿಗೆ ದಪ್ಪ ಮುಚ್ಚಳ ತಾವೇ ಸರಿಮಾಡಿ ಕೂರಿಸಿದರು. ಅಲ್ಲಿಗೆ ಮಾತು ಖಲಾಸ್.

ಹಾಗೆ ಶುರುವಾಯಿತು ನಮ್ಮ ಇಡೀ ದಿನ. ಅವರು ಕತ್ತರಿಸುವುದು, ನಾನು ಸಿಬಿರು ಕೆರೆಯುವುದು. ಐವತ್ತಾದ ಮೇಲೆ ಜಾಗ ಬದಲಾಯಿಸಿದೆವು. ನಾನು ಹಿಡಿ ಎಳೆದೆ. ಮೊದಲ ಎರಡು ಹಾಳಾದವು, ಮೂರನೆಯದು ಸರಿ ಬಂತು. ಇವರು ಅದನ್ನು ಅಳೆದು, ಮುಖ ಮೇಲೆತ್ತಿ, ಹೆಬ್ಬೆರಳು ತೋರಿಸಿದರು. ಕಾಪಿಯಲ್ಲಿ 'ಉತ್ತಮ' ಎಂದು ಬರೆಸಿಕೊಂಡ ಮಕ್ಕಳಿಗೆ ಏನಾಗುತ್ತದೆಂದು ನನಗೆ ಆಗ ಗೊತ್ತಾಯಿತು. ಎರಡು ಬೆರಳು ಎತ್ತಿದರೆ ನೀರು, ಅಂಗೈ ತೋರಿಸಿದರೆ ನಿಲ್ಲಿಸು, ಗಲ್ಲ ತುರಿಸಿದರೆ ಇದು ಉದ್ದವಾಯಿತು. ಒಂದು ಗಂಟೆಯಲ್ಲಿ ನಮ್ಮದೊಂದು ಭಾಷೆಯೇ ಆಯಿತು. ಇವರ ಮೊಣಕೈ ನನ್ನ ಮೊಣಕೈಗೆ ತಾಗುತ್ತಿತ್ತು. ಇವರು ಸರಿದು ಕೂರಲಿಲ್ಲ. ಲೋಟ ತೊಳೆಯುವ ಚಡಪಡಿಕೆ, ಮಂಚದ ತುದಿಯಲ್ಲಿ ಕೂರುವ ಅವಸ್ಥೆ ಯಾವುದೂ ಇರಲಿಲ್ಲ. ಕೈಗೆ ಕೆಲಸ ಇದ್ದಾಗ ನನ್ನ ಗಂಡ ಎಷ್ಟು ನಿರಾಳವಾಗಿ ಇರುತ್ತಾರೆಂದು ನಾನು ಮೊದಲ ಸಲ ನೋಡಿದೆ. ನೋಡುತ್ತಾ ನೋಡುತ್ತಾ ಒಂದು ಶೆಲ್ಲು ಗಿಡ್ಡ ಮಾಡಿದೆ.

ಮಧ್ಯಾಹ್ನ ಕಾಕ ಬಂದರು, ಮನೆಯಿಂದ ನೆಯ್ಚೋರು, ಅಂದರೆ ತುಪ್ಪದ ಅನ್ನ, ಮತ್ತು ಕೋಳಿ ತಂದಿದ್ದರು. ಇವರು ಕೈ ತೊಳೆಯಲು ಹೊರಗೆ ಹೋದಾಗ ನಾನು ಕಾಕನ ಹತ್ತಿರ ಕ್ಷಮೆ ಕೇಳಿದೆ. ನನ್ನಿಂದ ನಿಮ್ಮ ಆರ್ಡರು ತಡವಾಯಿತು, ಅಲ್ಲದಿದ್ದರೂ ಪಾಪ ಇವರಿಗೆ ಒಂದೂ ಭಾನುವಾರ ಬಿಡುವಿಲ್ಲ ಎಂದೆ.

ಕಾಕ ಬಡಿಸುವ ಕೈ ನಿಲ್ಲಿಸಿದರು.

"ಬಿಡುವಿಲ್ಲ ಅಂತ ಯಾರು ಹೇಳಿದ್ದು ತಂಗಿ? ನಾನೇ ಹೇಳಿದ್ದೆ, ಹೆಂಡತಿ ಬಂದಿದ್ದಾರೆ, ಸಂಡೇ ಬರ್ಬೇಡ ಮಾರಾಯ ಅಂತ. ಕೇಳ್ಬೇಕಲ್ಲ! ಬೀಗದ ಕೈ ಇಸ್ಕೊಂಡು ಬರ್ತಿದ್ದ. ಅರ್ಜೆಂಟ್ ಅಂತ ಎಂತದೂ ಇರ್ಲಿಲ್ಲ. ಇವತ್ತೊಂದು ದಿನ ಮಾತ್ರ ನಿಜವಾಗಿ ಅರ್ಜೆಂಟ್."

ಆ ನೆಯ್ಚೋರಿನ ರುಚಿ ಹೇಗಿತ್ತೆಂದು ಕೇಳಬೇಡಿ, ನನಗೆ ಗೊತ್ತಾಗಲಿಲ್ಲ. ಏಳು ಭಾನುವಾರ. ಕಿಟಕಿಯ ಹತ್ತಿರ ನಿಂತು ಪರರ ಕಾರಿಗೆ ಚಾಪೆ ತುಂಬುವುದನ್ನು ನೋಡಿದ ಏಳು ಭಾನುವಾರ. ಯಾರೂ ಕಸಿದುಕೊಂಡಿರಲಿಲ್ಲ. ಇವರೇ ಇಲ್ಲಿ ಬಂದು ಈ ಚಕ್ಕುಲಿ ಚಕ್ರದ ಮುಂದೆ ಕೂತಿದ್ದರು. ನನಗೆ ಮೊದಲು ಬಂದದ್ದು ಸಿಟ್ಟು. ಅದರ ಹಿಂದೆಯೇ ಭಯ ಬಂತು: ನನ್ನ ಜತೆ ಇರುವುದು ಇವರಿಗೆ ಇಷ್ಟವಿಲ್ಲವೇ?

ಕಾಕ ಹೋದ ಮೇಲೆ ಇವರು ಗರಗಸದ ಗುಂಡಿಗೆ ಕೈ ಹಾಕಿದರು. ನಾನು ಪ್ಲಗ್ಗು ಎಳೆದೆ.

"ಹ್ವಾಯ್, ಕಾಕ ಎಲ್ಲ ಹೇಳಿದ್ರ್. ನಾ ಬಂದದ್ದ್ ನಿಮ್ಗ್ ಬ್ಯಾಡ ಇತ್ತಾ? ಒಂದ್ ಮಾತ್ ಹೇಳಿ ಸಾಕ್. ನಾಳೆ ಹೆಂಗೂ ಹೋತೆ."

ಇವರು ನಗಲಿಲ್ಲ. ಕಿವಿಯ ಮುಚ್ಚಳವನ್ನು ಕುತ್ತಿಗೆಗೆ ಇಳಿಸಿಕೊಂಡು, ಬ್ರಶ್ಶು ತೆಗೆದು, ಆಗಲೇ ಒರೆಸಿದ್ದ ಗುಳಿಯನ್ನು ಒರೆಸಿದರು. ಇನ್ನೊಮ್ಮೆ ಒರೆಸಿದರು. ನಾನು ಕಾದೆ. ಉತ್ತರ ಗೊತ್ತಿದ್ದೂ ಬಾಯಿಬಿಡದ ಮಕ್ಕಳೆದುರು ಕಾಯುವುದು ನನಗೆ ಅಭ್ಯಾಸ.

"ಅಭ್ಯಾಸ ಆಪ್ಕಾಗ ಅಂತ್ಹೇಳಿ" ಎಂದರು ಕೊನೆಗೆ. "ಭಾನುವಾರ ಒಂದ್ಸಲ ನಿನ್ ಸಂಗ್ತಿ ಕಳ್ದ್ರೆ ಮುಂದಿನ್ ಭಾನುವಾರ ಎಂತ ಮಾಡೂದ್? ನೀ ಹೋದ್ಮೇಲೂ ಭಾನುವಾರ ಬತ್ತಿಲ್ಯಾ? ಆ ರೂಮಂಗೆ ಇಪ್ಪುದ್ ನಾನೇ ಅಲ್ದಾ?"

ನಾಲ್ಕು ವರ್ಷದಲ್ಲಿ ಇವರು ಒಟ್ಟಿಗೆ ಇಷ್ಟು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ನನ್ನ ರುಚಿ ಹತ್ತಿದರೆ ಬದುಕುವುದು ಕಷ್ಟ ಎಂದು ಹೆದರಿ ನನ್ನಿಂದಲೇ ಓಡಿಹೋಗುತ್ತಿದ್ದ ಗಂಡ! ಎಂಥ ದಡ್ಡತನ ಎಂದು ಬೈಯಬೇಕೆಂದಿದ್ದೆ. ಬದಲಿಗೆ ಅಳು ಬಂತು. ರಕ್ಷಣೆಯ ಕನ್ನಡಕ ಹಾಕಿಕೊಂಡು ಅಳುವುದು ಬಹಳ ಫಜೀತಿ. ಒಳಗೇ ಮಂಜು ಕಟ್ಟಿ ಏನೂ ಕಾಣುವುದಿಲ್ಲ. ಇವರೇ ಅದನ್ನು ತೆಗೆದು, ಅಂಗಿಯ ತುದಿಯಿಂದ ಒರೆಸಿ, ಮತ್ತೆ ನನಗೆ ಹಾಕಿ, ಪ್ಲಗ್ಗು ಚುಚ್ಚಿದರು.

ಐದು ಗಂಟೆಗೆ ಲೆಕ್ಕ ಪೂರ್ತಿಯಾಯಿತು. ಮೇಜಿನ ಮೇಲೆ ಏಳೇಳರ ಸಾಲು, ಒಂದೇ ಎತ್ತರ. ನಾನು ಕೂದಲಿನಿಂದ ಹಿತ್ತಾಳೆ ಹುಡಿ ಕೊಡವುತ್ತಿದ್ದೆ. ಇವರು ಗೋಣಿಗೆ ಕೈ ಹಾಕಿ ಇನ್ನೊಂದು ಹಿಡಿ ಶೆಲ್ಲು ತೆಗೆದು ನಡುವೆ ಸುರಿದರು.

"ಆಯ್ತಲೆ?" ಎಂದೆ.

"ನಾಲ್ಕ್ ಹೆಚ್ಚಿಗೆ ಇರ್ಲಿ" ಎಂದರು. ಬೇಕಾಗಿರಲಿಲ್ಲ. ನಾನೂ ಎದುರಾಡದೆ ಕಿವಿ ಮುಚ್ಚಿಕೊಂಡು ಕೂತೆ. ದೀಪ ಹಚ್ಚುವ ಹೊತ್ತಿನವರೆಗೆ ಕತ್ತರಿಸಿದೆವು. ನಾಲ್ಕಲ್ಲ, ನಲವತ್ತು ಹೆಚ್ಚಿಗೆ ಆಯಿತು.

ಮರುದಿನ ವಿಮಾನ ನಿಲ್ದಾಣದಲ್ಲಿ ಇವರು ಎಂದಿನಂತೆ ಟ್ರಾಲಿ ತಳ್ಳಿದರು, ಪಾಸ್‌ಪೋರ್ಟು ಇದೆಯಾ ಎಂದು ಮೂರು ಸಲ ಕೇಳಿದರು, ಒಳಗೆ ಹೋಗು ಎಂದು ಕೈ ಮಾಡಿದರು. ಊರಿಗೆ ಬಂದೆ. ಶಾಲೆ ಶುರುವಾಯಿತು. ಹೊಸ ಮಕ್ಕಳ ಹೆಸರು ಬರೆದುಕೊಳ್ಳುವುದು, ಪುಸ್ತಕ ಹಂಚುವುದು, ಬಿಸಿಯೂಟದ ಅಕ್ಕಿ ನೋಡುವುದು. ಸೋಮವಾರದಿಂದ ಶನಿವಾರದವರೆಗೆ ನನಗೆ ಏನೂ ಆಗಲಿಲ್ಲ.

ಭಾನುವಾರ ಮಧ್ಯಾಹ್ನ ಊಟ ಮಾಡಿ ತಟ್ಟೆ ಎತ್ತಿದವಳಿಗೆ ಮೊಣಕೈಯ ಬದಿ ಖಾಲಿ ಎನಿಸಿತು. ಹೇಗೆ ಹೇಳುವುದು ಗೊತ್ತಾಗುತ್ತಿಲ್ಲ, ಹಾಗೇ ಎನಿಸಿತು. ಇವರು ಈಗ ವರ್ಕ್‌ಶಾಪಿನಲ್ಲಿ ಕಿವಿ ಮುಚ್ಚಿಕೊಂಡು ಕೂತಿರುತ್ತಾರೆ, ಫೋನು ಕೇಳಿಸದು ಎಂದು ಗೊತ್ತಿದ್ದೂ ಒತ್ತಿದೆ. ಅರ್ಧ ರಿಂಗಿಗೆ ಎತ್ತಿದರು.

"ಎಲ್ಲಿದ್ರಿ?"

"ರೂಮಂಗೆ."

"ಇವತ್ ಕೆಲ್ಸ ಇಲ್ಯಾ?"

"ಇತ್ತ್. ಹೋಯಿಲ್ಲೆ."

"ಎಂತಕ್?"

ಆಚೆ ಕಡೆ ಮಂಚ ಕಿರುಗುಟ್ಟಿತು. ಆಮೇಲೆ ಹೇಳಿದರು, "ಒಬ್ನೇ ಕತ್ತರ್ಸುಕ್ ಮನಸಾಯಿಲ್ಲೆ."

ಇಬ್ಬರೂ ಫೋನು ಇಡಲಿಲ್ಲ. ನಾನು ಹಾಗೇ ಅದನ್ನು ಕಿವಿಗೆ ಒತ್ತಿಕೊಂಡು, ತೊಳೆಯದ ತಟ್ಟೆಯನ್ನು ಮಡಿಲಲ್ಲಿಟ್ಟುಕೊಂಡು, ಚಾರ್ಜು ಮುಗಿಯುವವರೆಗೆ ಅಡುಗೆಮನೆಯ ಹೊಸ್ತಿಲ ಮೇಲೆ ಕೂತಿದ್ದೆ.